ಜಗಳಕ್ಕೊಂದು ಕೂಪನ್

ಮಳೆ ಬಂದಾಗಲೆಲ್ಲ ಜನ ಕೊಡೆ ಹಿಡಿದುಕೊಂಡು ಓಡಾಡುತ್ತಾರೆ. ಅಂದಮೇಲೆ ಮಳೆ ಬರಲು ಕೊಡೆಯೇ ಕಾರಣ. ಕೊಡೆ ಕಿತ್ತುಕೊಳ್ಳಿ, ಮಳೆ ನಿಲ್ಲುತ್ತದೆ. ಈ ಮಾತನ್ನು ಯಾರೋ ಜಗುಲಿ ಮೇಲೆ ಕೂತು ಹೇಳಿದರೆ ಪಾಪ ಅಂತ ಸುಮ್ನೆ ಇದ್ದುಬಿಡಬಹುದು. ಪಾರ್ಲಿಮೆಂಟಿನಲ್ಲಿ ಕೂತು ಹೇಳಿದರೆ ಅದು ಕಾಯ್ದೆ ಆಗುತ್ತದೆ.

ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಆದದ್ದು ಇದೇ. ಅಲ್ಲಿ ಕೈಯಲ್ಲಿ ಕಾಸಿಲ್ಲದವರು ಕೋರ್ಟಿಗೆ ಹೋಗಬೇಕಾದರೆ ಸರ್ಕಾರವೇ ವಕೀಲರ ಫೀಸು ಕೊಡುವ ಪದ್ಧತಿ 1949ರ ಕಾಯ್ದೆಯಿಂದ ಬಂದಿತ್ತು. ಡಿವೋರ್ಸ್, ಮಗು ಯಾರ ಹತ್ತಿರ ಇರಬೇಕು, ಮನೆ ಯಾರಿಗೆ, ಇಂಥವಕ್ಕೂ ಅದರಲ್ಲಿ ಜಾಗ ಇತ್ತು. 2010ರಲ್ಲಿ ಬಂದ ಹೊಸ ಸರ್ಕಾರ ಖರ್ಚಿನ ಪುಸ್ತಕ ಬಿಚ್ಚಿತು. ಜಗಳ ಆಡೋದು ಇವರು, ದುಡ್ಡು ಕಟ್ಟೋದು ನಾವಾ ಅಂತ ಕೇಳಿತು. ಗಂಡ-ಹೆಂಡತಿ ಜಗಳ ಆಡುವ ಕಡೆಯೆಲ್ಲ ಒಬ್ಬ ವಕೀಲ ನಿಂತಿರುವುದನ್ನೂ ಗಮನಿಸಿತು. ಕೊಡೆ ಸಿಕ್ಕಿಬಿತ್ತು.

2012ರಲ್ಲಿ ಕಾಯ್ದೆ ಪಾಸಾಯಿತು. ಒಟ್ಟಾರೆ ಕಾನೂನು ನೆರವಿನ ಖರ್ಚಿನಲ್ಲಿ ವರ್ಷಕ್ಕೆ 35 ಕೋಟಿ ಪೌಂಡ್ ಉಳಿಸುವುದು ಗುರಿ. ಸಾಮಾನ್ಯ ಕೌಟುಂಬಿಕ ವ್ಯಾಜ್ಯಗಳಿಗೆ ಇನ್ನು ಸರ್ಕಾರಿ ದುಡ್ಡಿನ ವಕೀಲರು ಇಲ್ಲ. ಮೀಡಿಯೇಷನ್‌ಗೆ ಮಾತ್ರ ನೆರವು ಮುಂದುವರಿಯುತ್ತದೆ. ಮೂರನೆಯವರೊಬ್ಬರ ಮುಂದೆ ಕೂತು ಮಾತಾಡಿ ಬಗೆಹರಿಸಿಕೊಳ್ಳಿ ಅಂತ. ಜಾರಿಗೆ ಬಂದ ದಿನ 2013ರ ಏಪ್ರಿಲ್ 1. ತಾರೀಕು ಆರಿಸಿದ್ದು ನಾನಲ್ಲ.

ಹಾಗಂತ ಸರ್ಕಾರಕ್ಕೆ ಸಂಸಾರಗಳ ಮೇಲೆ ಕಾಳಜಿ ಇಲ್ಲ ಅಂದುಕೊಳ್ಳಬೇಡಿ. ಅದೇ ಹೊತ್ತಿನಲ್ಲಿ ಅದು ದಾಂಪತ್ಯ ಸಲಹೆಯಂಥ ಕೆಲಸಗಳಿಗೆ ವರ್ಷಕ್ಕೆ 75 ಲಕ್ಷ ಪೌಂಡ್ ತೆಗೆದಿಟ್ಟಿತು. ಕೂಡಿ ಬಾಳಿ ಅಂತ ಒಂದು ಕೈಯಲ್ಲಿ ಅಕ್ಷತೆ, ಬಾಳಲಿಕ್ಕೆ ಆಗದವರ ಬೆನ್ನಿಗೆ ಇನ್ನೊಂದು ಕೈಯಲ್ಲಿ ಗುದ್ದು.

ಈಗ ಫಲಿತಾಂಶ ನೋಡಿ. ವಕೀಲರಿಲ್ಲ ಅಂದಮೇಲೆ ಜನ ಮೀಡಿಯೇಟರ್ ಬಾಗಿಲಿಗೆ ಸಾಲು ಹಚ್ಚುತ್ತಾರೆ ಅಂತ ಸರ್ಕಾರದ ಲೆಕ್ಕ. ವರ್ಷ ಕಳೆದ ಮೇಲೆ ಅಲ್ಲಿನ ನ್ಯಾಷನಲ್ ಆಡಿಟ್ ಆಫೀಸ್ ಎಣಿಸಿ ನೋಡಿತು. ಕೌಟುಂಬಿಕ ಮೀಡಿಯೇಷನ್ ಶೇ. 38ರಷ್ಟು ಕಡಿಮೆ ಆಗಿತ್ತು. ಹೌದು, ಕಡಿಮೆ. ಯಾಕಪ್ಪಾ ಅಂದರೆ, ಜನರನ್ನು ಮೀಡಿಯೇಷನ್‌ಗೆ ಕಳಿಸುತ್ತಿದ್ದವರು ಆ ವಕೀಲರೇ! ಹೆಂಗಸೊಬ್ಬಳು ಅಳುತ್ತಾ ವಕೀಲರ ಆಫೀಸಿಗೆ ಬರುತ್ತಿದ್ದಳು. ಕಾನೂನು ನೆರವು ಸಿಗಬೇಕಾದರೆ ಮೊದಲು ಮೀಡಿಯೇಷನ್ ಆಗುತ್ತದಾ ನೋಡಬೇಕಮ್ಮಾ ಅಂತ ಅವರು ಒಂದು ವಿಳಾಸ ಬರೆದುಕೊಡುತ್ತಿದ್ದರು. ಈಗ ಆ ಆಫೀಸಿನ ಬಾಗಿಲೇ ಬಂದ್. ಊರಿನ ದಾರಿ ತೋರಿಸುವ ಬೋರ್ಡು ಕಿತ್ತು ಹಾಕಿ, ಊರಿಗೆ ಯಾಕೋ ಯಾರೂ ಬರ್ತಾ ಇಲ್ಲ ಅಂತ ತಲೆ ಕೆರೆದುಕೊಂಡ ಹಾಗೆ.

ಜಗಳ ಮಾತ್ರ ಎಲ್ಲೂ ಹೋಗಲಿಲ್ಲ. ಸೀದಾ ಕೋರ್ಟಿಗೆ ಬಂತು. ಎರಡೂ ಕಡೆ ವಕೀಲರಿಲ್ಲದ ಕೌಟುಂಬಿಕ ಕೇಸುಗಳು ಒಂದೇ ವರ್ಷದಲ್ಲಿ ಶೇ. 30ರಷ್ಟು ಜಾಸ್ತಿ ಆದವು. ಅಂದರೆ ಜಡ್ಜ್ ಮುಂದೆ ಒಂದು ಕಡೆ ಗಂಡ, ಒಂದು ಕಡೆ ಹೆಂಡತಿ, ಕೈಯಲ್ಲಿ ಪ್ಲಾಸ್ಟಿಕ್ ಚೀಲದ ತುಂಬಾ ಕಾಗದ. ಯಾವ ಅರ್ಜಿ ಮೊದಲು, ಯಾವುದು ಆಮೇಲೆ ಇಬ್ಬರಿಗೂ ಗೊತ್ತಿಲ್ಲ. ಅಫಿಡವಿಟ್ ಅಂದರೇನು ಅಂತ ಜಡ್ಜೇ ಪಾಠ ಮಾಡಬೇಕು. ವಕೀಲರ ಫೀಸಿನಲ್ಲಿ ಉಳಿದದ್ದರಲ್ಲಿ ಒಂದಷ್ಟು ಕೋರ್ಟಿನ ಸಮಯದಲ್ಲಿ ಸೋರಿ ಹೋಯಿತು.

ಇಲ್ಲಿ ನಗು ಬರುವುದಿಲ್ಲ, ಆದರೂ ಹೇಳಲೇಬೇಕು. ಗಂಡನಿಗೆ ವಕೀಲರಿಲ್ಲ ಅಂದರೆ ಪಾಟೀಸವಾಲು ಮಾಡುವವರು ಯಾರು? ಗಂಡನೇ. ಹೊಡೆದವನೇ ಎದ್ದು ನಿಂತು, ಹೊಡೆಸಿಕೊಂಡವಳನ್ನು ‘ನಾನು ಯಾವತ್ತು ಹೊಡೆದೆ, ಹೇಳು’ ಅಂತ ಕೇಳಬಹುದಿತ್ತು. ಇದನ್ನು ನಿಲ್ಲಿಸಲು 2021ರ ಕಾಯ್ದೆ ಬೇಕಾಯಿತು.

ಅಲ್ಲ, ಮನೆಯಲ್ಲಿ ಒದೆ ತಿಂದವರಿಗೆ ಕಾನೂನು ನೆರವು ಇದ್ದೇ ಇತ್ತಲ್ಲ ಅಂತ ನೀವು ಕೇಳಬಹುದು. ಇತ್ತು. ಸರ್ಕಾರ ಅಷ್ಟು ಕಲ್ಲೆದೆಯದಲ್ಲ. ಒದೆ ತಿಂದಿದ್ದಕ್ಕೆ ದಾಖಲೆ ತೋರಿಸಬೇಕಿತ್ತು, ಅಷ್ಟೇ. ಅದೂ 24 ತಿಂಗಳ ಒಳಗಿನ ದಾಖಲೆ. ಇಪ್ಪತ್ತೈದನೇ ತಿಂಗಳಿಗೆ ಒದೆ ಹಳಸಿ ಹೋಗುತ್ತದೆ. ಡಾಕ್ಟರ ಪತ್ರ ನಡೆಯುತ್ತಿತ್ತು, ಆದರೆ ಪತ್ರ ಬರೆಯಲು ಎಷ್ಟೋ ಡಾಕ್ಟರು ಫೀಸು ಕೇಳುತ್ತಿದ್ದರು. ಕ್ಲಿನಿಕ್ಕಿನ ಕೌಂಟರ್ ಮುಂದಿನ ಮಾತು ಹೀಗಿದ್ದಿರಬೇಕು ಅಂತ ನನ್ನ ಊಹೆ:

‘ನನ್ನ ಗಂಡ ಹೊಡೆದಿದ್ದಕ್ಕೆ ಒಂದು ಪತ್ರ ಬೇಕಿತ್ತು.’

‘ಫೀಸು ಕಟ್ಟಿದೀರಾ ಮೇಡಂ?’

‘ದುಡ್ಡಿಲ್ಲ ಅಂತಾನೇ ಕಾನೂನು ನೆರವು ಕೇಳ್ತಿರೋದು.’

‘ಹಾಗಾದ್ರೆ ದುಡ್ಡು ತಗೊಂಡು ಬನ್ನಿ.’

2016ರಲ್ಲಿ ಮೇಲ್ಮನವಿ ಕೋರ್ಟು ಈ ಎರಡು ವರ್ಷದ ಗಡುವು ಸರಿಯಲ್ಲ ಅಂತ ಹೇಳಿತು. ಸರ್ಕಾರ ಐದು ವರ್ಷ ಮಾಡಿತು. 2018ರಲ್ಲಿ ಗಡುವನ್ನೇ ಕೈಬಿಟ್ಟಿತು. ಏಟಿಗೆ ವಾಯಿದೆ ಇಲ್ಲ ಅಂತ ಅರ್ಥವಾಗಲು ಹೆಚ್ಚು ಕಡಿಮೆ ಐದು ವರ್ಷ.

ಒದೆ ಸಾಬೀತಾದರೆ ಸಾಲದು, ಬಡತನವೂ ಸಾಬೀತಾಗಬೇಕು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯ್ತು ಅಂತ ನಮ್ಮಲ್ಲಿ ಗಾದೆ. ಅಲ್ಲಿ ಕೂಸು ಒಂದೇ ಬಡವಾದರೆ ನಡೆಯುವುದಿಲ್ಲ, ಅಮ್ಮನೂ ಆಗಬೇಕು. ತಿಂಗಳ ಆದಾಯ 2,657 ಪೌಂಡ್ ದಾಟಿದರೆ ನೆರವಿಲ್ಲ. ಬೆಲೆಗಳು ವರ್ಷ ವರ್ಷ ಮೇಲೆ ಹೋದವು. ಈ ಅಂಕಿ ಮಾತ್ರ ವರ್ಷಗಟ್ಟಲೆ ಕೂತ ಜಾಗದಿಂದ ಅಲುಗಾಡಲಿಲ್ಲ. ಇನ್ನು ಹೆಸರಿನಲ್ಲಿ ಅರ್ಧ ಮನೆ ಇದ್ದರೆ ಮುಗಿದೇ ಹೋಯಿತು, ನೀವು ಸಾಹುಕಾರರು. ಆ ಮನೆಯಲ್ಲಿ ಹೊಡೆಯುವ ಗಂಡ ಕೂತಿದ್ದಾನೆ, ಅವನ ಸಹಿ ಇಲ್ಲದೆ ಮಾರಲಿಕ್ಕಾಗುವುದಿಲ್ಲ ಅಂದರೂ ಕಾಗದದ ಮೇಲೆ ಸಾಹುಕಾರರೇ. ಕೈಗೆ ಬಾರದ ಮನೆಯ ಬೆಲೆಯನ್ನು ಸೊನ್ನೆ ಅಂತ ಹಿಡಿಯಬಹುದು ಅಂತ ಹೇಳಿಸಿಕೊಳ್ಳಲು ಒಬ್ಬ ತಾಯಿ 2020ರಲ್ಲಿ ಹೈಕೋರ್ಟಿನವರೆಗೆ ಹೋಗಬೇಕಾಯಿತು.

ಕೋಟೆ ಕೊಳ್ಳೆ ಹೊಡೆದ ಮೇಲೆ ಊರ ಬಾಗಿಲು ಹಾಕಿದರು ಅಂತಾರಲ್ಲ, ಆ ಬಾಗಿಲಿಗೆ ಅಲ್ಲಿ ಕೂಪನ್ ಅಂತ ಹೆಸರು. ಕೌಟುಂಬಿಕ ಕೋರ್ಟುಗಳಲ್ಲಿ ಕೇಸುಗಳು ರಾಶಿ ಬಿದ್ದಿದ್ದನ್ನು ನೋಡಿ, 2021ರ ಮಾರ್ಚಿನಲ್ಲಿ ಸರ್ಕಾರ ಒಂದೊಂದು ಕುಟುಂಬಕ್ಕೆ 500 ಪೌಂಡಿನವರೆಗೆ ಮೀಡಿಯೇಷನ್ ಕೂಪನ್ ಘೋಷಿಸಿತು. ತಲೆಗೆ 500 ಅಲ್ಲ, ಕುಟುಂಬಕ್ಕೆ. ಒಡೆಯುತ್ತಿರುವ ಕುಟುಂಬವನ್ನು ಒಂದೇ ಅಂತ ಎಣಿಸಿದ್ದು ಇದೊಂದು ಕಡೆ ಮಾತ್ರ ಇರಬೇಕು.

ಕೂಪನ್ನಿನ ಐಡಿಯಾ ಹೊಸದೇನಲ್ಲ. ಆಸ್ಟ್ರೇಲಿಯಾ 2014ರಲ್ಲೇ ದಾಂಪತ್ಯ ಸಲಹೆಗೆ ಜೋಡಿಗೆ 200 ಡಾಲರ್ ಅಂತ ಹಂಚಲು ಹೊರಟಿತ್ತು. 1 ಲಕ್ಷ ಜೋಡಿಗೆ 2 ಕೋಟಿ ಡಾಲರ್. ಮರುವರ್ಷವೇ ಯೋಜನೆ ಬಂದ್. ಸರ್ಕಾರಿ ಫಾರಂ ತುಂಬಿ, ನಮ್ಮ ಪ್ರೀತಿ ಸ್ವಲ್ಪ ರಿಪೇರಿಗೆ ಬಂದಿದೆ ಅಂತ ಬರೆದುಕೊಡಲು ಆಸ್ಟ್ರೇಲಿಯಾದವರಿಗೂ ನಾಚಿಕೆ ಆಗಿರಬಹುದು, ಅಲ್ವಾ?

ಮತ್ತೆ ಇಂಗ್ಲೆಂಡಿಗೆ ಬರೋಣ. ಕೂಪನ್ ಕೈಗೆ ಸಿಗಬೇಕಾದರೆ ಮೊದಲು ಮೀಡಿಯೇಷನ್ ಬಗ್ಗೆ ಒಂದು ಮಾಹಿತಿ ಸಭೆಗೆ ಹೋಗಬೇಕು. ಅದರ ಉದ್ದ ಹೆಸರನ್ನು ಅಲ್ಲಿಯವರು ಮೊಟಕು ಮಾಡಿ ‘ಮಯಾಮ್’ (MIAM) ಅನ್ನುತ್ತಾರೆ. ಇಂಗ್ಲಿಷ್ ಅಕ್ಷರ ನೋಡಿ ನಾನು ಮೊದಲು ಓದಿದ್ದು ಮಿಯಾಂವ್ ಅಂತ. ಕೂಪನ್ನು ಈ ಸಭೆಯ ಫೀಸಿಗೆ ನಡೆಯುವುದಿಲ್ಲ. ಅಂದರೆ ಉಚಿತ ನೆರವಿನ ಬಾಗಿಲಲ್ಲಿ ಮೊದಲು ಟಿಕೆಟ್ ತಗೋಬೇಕು. 2014ರಿಂದ, ಕೆಲವು ವಿನಾಯಿತಿ ಬಿಟ್ಟರೆ, ಈ ಸಭೆಗೆ ಹೋಗದೆ ಮಗುವಿನ ವಿಷಯಕ್ಕೂ ಕೋರ್ಟಿನಲ್ಲಿ ಅರ್ಜಿ ಹಾಕುವಂತಿಲ್ಲ.

ಆದರೆ ಈ ನಿಯಮ ಅರ್ಜಿ ಹಾಕುವವರಿಗೆ ಮಾತ್ರ. ಇನ್ನೊಬ್ಬರು ಬಂದರೆ ಸಂತೋಷ, ಬರದಿದ್ದರೆ ಬಲವಂತ ಇಲ್ಲ. ಒಂದು ಕೈಯಲ್ಲಿ ಚಪ್ಪಾಳೆ ಆಗಲ್ಲ ಅನ್ನೋದನ್ನು ಅಲ್ಲಿ ಇನ್ನೂ ಒಪ್ಪಿದ ಹಾಗಿಲ್ಲ.

ಹಾಗಾಗಿ ಅರ್ಜಿ ಹಾಕಬೇಕಾದ ಹೆಂಡತಿ ಒಬ್ಬಳೇ ಬರುತ್ತಾಳೆ. ಸಣ್ಣ ರೂಮು, ಮೂರು ಕುರ್ಚಿ, ನಡುವೆ ಟಿಶ್ಯೂ ಡಬ್ಬ. ಮೀಡಿಯೇಟರ್ ಒಳ್ಳೆಯವರೇ, ನಿಧಾನಕ್ಕೆ ಮಾತಾಡಿಸುತ್ತಾರೆ. ಜಗಳ ಆಡುವ ಬದಲು ಕೂತು ಮಾತಾಡುವುದರಿಂದ ಏನೇನು ಲಾಭ ಅಂತ ವಿವರಿಸುತ್ತಾರೆ. ಆಕೆ ಪಕ್ಕದ ಖಾಲಿ ಕುರ್ಚಿ ನೋಡುತ್ತಾ ಹೂಂಗುಟ್ಟುತ್ತಾಳೆ. ಕೊನೆಗೆ ಅವರು ಫಾರಂನಲ್ಲಿ ಒಂದು ಗುರುತು ಹಾಕಿ ಸಹಿ ಮಾಡಿ ಕೊಡುತ್ತಾರೆ. ನಾಲ್ಕು ತಿಂಗಳ ಒಳಗೆ ಕೋರ್ಟಿಗೆ ಹಾಕಿಬಿಡಿ ಅನ್ನುತ್ತಾರೆ, ಆಮೇಲೆ ಇದು ನಡೆಯಲ್ಲ, ಮತ್ತೆ ಬಂದು ಮತ್ತೆ ಕಟ್ಟಬೇಕಾಗುತ್ತೆ.