ಚಾರ್ಜರ್ ಕೆಟ್ರೆ ಯಾರನ್ನ ಕೇಳ್ಬೇಕು ಹೇಳ್ರಿ

ಹನ್ನೊಂದೂವರೆಗೆ ಮನೆ ಸೇರಿದ್ವಿ. ಅಮ್ಮ ಈಗ ಮಲ್ಕೊಂಡ್ರು, ನಂಗೆ ನಿದ್ದೆ ಬರ್ತಿಲ್ಲ, ಸಿಟ್ಟು ಇಳೀತಿಲ್ಲ.

ಬೆಂಗಳೂರಿಂದ ಬರ್ತಾ ಹಿರಿಯೂರಲ್ಲಿ ನಮ್ಮ ಎಲೆಕ್ಟ್ರಿಕ್ ಕಾರಿನ ಬ್ಯಾಟರಿ 31% ಇತ್ತು. ಚಿತ್ರದುರ್ಗದ ಹತ್ರ ಹೈವೇ ಪಕ್ಕದ ಹೋಟ್ಲಲ್ಲಿ ಎರಡು ಫಾಸ್ಟ್ ಚಾರ್ಜರ್ ಖಾಲಿ ಇದಾವೆ ಅಂತ ಆಪ್ ತೋರಿಸ್ತಿತ್ತು, ಅದನ್ನ ನಂಬ್ಕೊಂಡು ಬಂದ್ವಿ. ಅಲ್ಲಿ ಮುಟ್ಟೋಷ್ಟೊತ್ತಿಗೆ 14%. ಒಂದರ ಸ್ಕ್ರೀನೇ ಹತ್ತಲಿಲ್ಲ, ಇನ್ನೊಂದರ ಗನ್ (ಚಾರ್ಜಿಂಗ್ ಪ್ಲಗ್) ಕಾರಿಗೆ ಹಾಕಿದ್ರೆ ಎರಡೇ ನಿಮಿಷಕ್ಕೆ ಎರರ್. ಹೋಟ್ಲಿನವ್ರು "ಜಾಗ ಅಷ್ಟೇ ನಮ್ದು ಸಾರ್, ಮಷೀನು ಕಂಪನಿಯವ್ರದು, ಕೆಟ್ಟು ಹದಿನೈದು ದಿನ ಆತು" ಅಂದ್ರು. ಹೆಲ್ಪ್‌ಲೈನಿನವರು ಟಿಕೆಟ್ ರೈಸ್ ಮಾಡಿದೀವಿ ಅಂತ ಫೋನ್ ಇಟ್ರು. ದಾವಣಗೆರೆ ಇನ್ನೂ 60 ಕಿಲೋಮೀಟರ್! ಕೊನೆಗೆ ಹೋಟ್ಲಿನವ್ರೇ ಪಾಪ ಅಡುಗೆಮನೆ ಹಿಂದಿನ 15 ಆಂಪ್ ಸಾಕೆಟ್ ಕೊಟ್ರು, ಅದ್ರಲ್ಲಿ ಚಾರ್ಜ್ ಆಗೋದು ನಿಧಾನ. ಶುಗರ್ ಇರೋ ಅಮ್ಮನ್ನ ನಾಲ್ಕು ತಾಸು ಕಾರಲ್ಲಿ ಕೂರಿಸ್ಕೊಂಡು ಕಾದೆ.

ಕೆಟ್ಟಿದ್ದಕ್ಕೆ ನಂಗೆ ಸಿಟ್ಟಿಲ್ಲ, ಮಷೀನ್ ಅಂದ್ಮೇಲೆ ಕೆಡ್ತದೆ. ಹದಿನೈದು ದಿನ ಕೆಟ್ಟು ನಿಂತಿದ್ದನ್ನ ಆಪಲ್ಲಿ ಖಾಲಿ ಇದೆ ಅಂತ ತೋರಿಸಿದ್ರಲ್ಲ, ಅದಕ್ಕೆ ಸಿಟ್ಟು. ಪೆಟ್ರೋಲ್ ಬಂಕಲ್ಲಿ ಅಳತೆ ಮೇಲೆ ಅನುಮಾನ ಬಂದ್ರೆ 5 ಲೀಟರ್ ಕ್ಯಾನ್ ತರಿಸಿ ಕಣ್ಣೆದುರೇ ಅಳೆಸ್ಕೋಬಹುದು, ತೂಕ ಅಳತೆ ಇಲಾಖೆಯವ್ರು ಬಂದು ಸೀಲ್ ಹಾಕಿ ಹೋಗ್ತಾರೆ, ಗಾಳಿ, ನೀರು, ಟಾಯ್ಲೆಟ್ ಕೊಡ್ಲೇಬೇಕು. ಚಾರ್ಜರ್ ಮುಂದೆ ನಿಂತೋನು ಯಾರನ್ನ ಕೇಳ್ಬೇಕು?

2018ರ ಏಪ್ರಿಲ್‌ನಲ್ಲಿ ಕೇಂದ್ರ ವಿದ್ಯುತ್ ಸಚಿವಾಲಯ, ಚಾರ್ಜಿಂಗ್ ಅಂದ್ರೆ ಕರೆಂಟ್ ಮಾರಾಟ ಅಲ್ಲ, ಅದೊಂದು ಸೇವೆ, ಲೈಸೆನ್ಸ್ ಬೇಡ ಅಂತ ಹೇಳ್ತು. ಆಗ ಖುಷಿಪಟ್ಟವರಲ್ಲಿ ನಾನೂ ಒಬ್ಬ, ಇವತ್ತಿಗೂ ಅದು ಸರಿ ಅಂತೀನಿ. ಸೇವೆ ಅಂತ 18% ಜಿಎಸ್‌ಟಿ ಕಟ್ತೀವಲ್ಲ, ಹಂಗಾದ್ರೆ ಆ ಸೇವೆ ಸಿಗ್ಬೇಕು ತಾನೇ? ಅದೇ ಸಚಿವಾಲಯದ 2022ರ ಗೈಡ್‌ಲೈನಲ್ಲಿ ಹೈವೇಯ ಎರಡೂ ಕಡೆ ಪ್ರತಿ 25 ಕಿಲೋಮೀಟರ್‌ಗೆ ಒಂದಾದ್ರೂ ಚಾರ್ಜಿಂಗ್ ಸ್ಟೇಷನ್ ಇರ್ಬೇಕು ಅಂತಿತ್ತು. ದೂರ ಲೆಕ್ಕ ಹಾಕಿದ್ರು ಸರಿ, ಮಷೀನ್ ಇವತ್ತು ಓಡ್ತಿದೆಯಾ ಅಂತ ಈ ಹದಿನೈದು ದಿನದಲ್ಲಿ ಅಲ್ಲಿಗೆ ಬಂದು ನೋಡಿದವ್ರು ಯಾರು?

ಈಗಷ್ಟೇ ಬೆಳೀತಿರೋ ಫೀಲ್ಡು, ರೂಲ್ಸ್ ಜಾಸ್ತಿ ಮಾಡಿದ್ರೆ ಯಾರೂ ಚಾರ್ಜರ್ ಹಾಕಲ್ಲ ಅಂತ ಕೆಲವ್ರು ಬರ್ತೀರಿ, ಗೊತ್ತು. ಕೆಟ್ಟಿದೆ ಅಂತ ಆಪಲ್ಲಿ ತೋರಿಸು, ಮಷೀನ್ ಮೇಲೆ ಜವಾಬ್ದಾರನ ನಂಬರ್ ಹಾಕು ಅನ್ನೋದು ಯಾವ ದೊಡ್ಡ ರೂಲ್ಸು? ಇಷ್ಟಕ್ಕೆ ಓಡಿಹೋಗೋನು ಬರೋದೇ ಬೇಡ. 2017ರಲ್ಲೇ, ದೇಶದಲ್ಲಿ ಮೊದಲು ಇವಿ (ಎಲೆಕ್ಟ್ರಿಕ್ ವಾಹನ) ಪಾಲಿಸಿ ತಂದ ರಾಜ್ಯ ನಮ್ದು. ರಾಜ್ಯದಲ್ಲಿ ಚಾರ್ಜಿಂಗ್‌ಗೆ ನೋಡಲ್ ಏಜೆನ್ಸಿ, ಅಂದ್ರೆ ಮುಖ್ಯ ಹೊಣೆ ಹೊತ್ತ ಸಂಸ್ಥೆ, ಕರೆಂಟ್ ಕಂಪನಿ ಬೆಸ್ಕಾಂ; ದುರ್ಗ, ದಾವಣಗೆರೆ ಎರಡೂ ಅವ್ರ ವ್ಯಾಪ್ತಿಗೇ ಬರ್ತವೆ. ದಿನಕ್ಕಿಂತ ಜಾಸ್ತಿ ಕೆಟ್ಟು ನಿಂತ್ರೆ ದಂಡ ಅಂತ ರಾಜ್ಯನೇ ಮಾಡ್ಲಿ.

ಇನ್ನೊಂದು ಮಾತು, ಹೇಳೋಕೆ ಕಷ್ಟ ಆಗ್ತಿದೆ. ಹೋದ್ವರ್ಷ ಭಾವನ ಬೆನ್ನು ಬಿದ್ದು ಎಲೆಕ್ಟ್ರಿಕ್ ಕಾರೇ ತಗೊಳಿ ಅಂತ ಕೊಡಿಸಿದ್ದು ನಾನು. ಮುಂದಿನ ವಾರ ಅವ್ರು ಅಕ್ಕನ್ನ ಕರ್ಕೊಂಡು ಇದೇ ರೋಡಲ್ಲಿ ಬರ್ತಾರೆ, ಎಲ್ಲಿ ಚಾರ್ಜ್ ಮಾಡ್ಲಿ ಅಂತ ಬೆಳಿಗ್ಗೆ ಕೇಳಿದಾರೆ, ಇನ್ನೂ ಉತ್ತರ ಕೊಟ್ಟಿಲ್ಲ.

ಹಿರಿಯೂರಿಂದ ಹರಿಹರದವರೆಗೆ ಕೆಟ್ಟು ನಿಂತಿರೋ ಚಾರ್ಜರ್ ಕಂಡಿದ್ರೆ ಫೋಟೋ, ತಾರೀಖು, ಜಾಗ ಕಾಮೆಂಟಲ್ಲಿ ಹಾಕ್ರಿ. ಸೋಮವಾರ ಬೆಸ್ಕಾಂಗೆ ಅರ್ಜಿ ಕೊಡ್ತಿದೀನಿ, ಎಲ್ಲಾ ಸೇರಿಸಿ ಕೊಡ್ತೀನಿ.