ಉಪ್ಪಾಗೆ ಮರದಲ್ಲಿ ಸಿಂಗಳೀಕದ ಪಾಲು

ಉತ್ತರ ಕನ್ನಡದ ಮಾವಿನಗುಂಡಿಯಿಂದ ಗೇರುಸೊಪ್ಪೆಗೆ ಇಳಿಯುವ ಮಲೆಮನೆ ಘಟ್ಟದಲ್ಲಿ, ಕಳೆದ ಮಳೆಗಾಲದ ಒಂದು ಬೆಳಿಗ್ಗೆ, ಸಿಂಗಳೀಕವೊಂದು, ಅಂದರೆ ಸಿಂಹಬಾಲದ ಕೋತಿಯೊಂದು, ಹುಳಿ ಹಣ್ಣು ಬಿಡುವ ಉಪ್ಪಾಗೆ ಮರದ ಮೇಲೆ ಕುಳಿತು ಹಣ್ಣನ್ನು ಎರಡೂ ಕೈಯಲ್ಲಿ ಹಿಡಿದು ಕಚ್ಚಿ ಬಿಡಿಸುವುದನ್ನು ನೋಡುತ್ತ ನಿಂತಿದ್ದೆ. ಕೆನ್ನೆಯ ಚೀಲ ಉಬ್ಬುವಷ್ಟು ತುಂಬಿಕೊಂಡ ಮೇಲೆ ಪಕ್ಕದ ಕೊಂಬೆಗೆ ಹಾರಿ ನಿಧಾನವಾಗಿ ಮೆಲ್ಲತೊಡಗಿತು. ಅದೇ ಮರದ ಬುಡದಲ್ಲಿ ಯಾರೋ ಉದ್ದನೆಯ ದೋಟಿಯೊಂದನ್ನು ಒರಗಿಸಿಟ್ಟಿದ್ದರು.

ಆ ದೋಟಿಯವರ ಮೇಲೆ ನನಗೆ ಸಿಟ್ಟಿಲ್ಲ. ತೂಕ ಇಳಿಸುವ ಔಷಧಗಳಿಗೆಂದು ಉಪ್ಪಾಗೆ ಸಿಪ್ಪೆಗೆ ಬೇಡಿಕೆ ಬಂದಾಗಿನಿಂದ, ಕಾಡಂಚಿನ ಎಷ್ಟೋ ಮನೆಗಳಿಗೆ ಮಳೆಗಾಲದಲ್ಲಿ ಕೈಗೆ ಸಿಗುವ ಕಾಸು ಅದೇ. ತೊಂದರೆಯಿರುವುದು ಕೊಯ್ಯುವ ಹೊತ್ತಿನಲ್ಲಿ. ತಾವು ಬಿಟ್ಟರೆ ಇನ್ನೊಬ್ಬರು ಕೊಯ್ದಾರೆಂಬ ಆತಂಕದಲ್ಲಿ ಹಣ್ಣಾಗುವ ಮೊದಲೇ ಕಾಯಿ ಉದುರಿಸುತ್ತಾರೆ, ಕೆಲವೊಮ್ಮೆ ಕೊಂಬೆಯನ್ನೇ ಕಡಿಯುತ್ತಾರೆ. ಸುರಿಯುವ ಮಳೆಯಲ್ಲಿ ಸಿಪ್ಪೆ ಒಣಗಿಸುವ ಒಲೆಗೆ ಸೌದೆಯೂ ಅದೇ ಕಾಡಿನಿಂದ ಬರಬೇಕು.

ಪಶ್ಚಿಮ ಘಟ್ಟ ಬಿಟ್ಟರೆ ಸಿಂಗಳೀಕಕ್ಕೆ ಬೇರೆ ನೆಲೆಯಿಲ್ಲ. ಶಿರಸಿ–ಹೊನ್ನಾವರದ ಕಾಡುಗಳಲ್ಲಿ ಅದರ 30ಕ್ಕೂ ಹೆಚ್ಚು ಗುಂಪುಗಳಿವೆಯೆಂದು ಎಚ್.ಎನ್. ಕುಮಾರ, ಮೇವಾ ಸಿಂಗ್ ಮೊದಲಾದ ಸಂಶೋಧಕರು ತೋರಿಸಿಕೊಟ್ಟದ್ದು ಈ ಶತಮಾನದಲ್ಲಿ. 2011ರಲ್ಲಿ ಅಘನಾಶಿನಿ ಸಿಂಗಳೀಕ ಸಂರಕ್ಷಣಾ ಮೀಸಲು ಘೋಷಣೆಯಾಯಿತು. ಆದರೆ ಗಡಿ ಗುರುತಿಸಿದ ಮಾತ್ರಕ್ಕೆ ಗುಂಪಿನ ಹೊಟ್ಟೆ ತುಂಬುವುದಿಲ್ಲ. ಬೆಳಗಿನಿಂದ ಸಂಜೆಯವರೆಗೆ ಗುಂಪಿನ ಹಿಂದೆ ನಡೆದು, ನಿಗದಿತ ನಿಮಿಷಗಳಿಗೊಮ್ಮೆ ಯಾವ ಪ್ರಾಣಿ ಯಾವ ಮರದಲ್ಲಿ ಏನು ತಿನ್ನುತ್ತಿದೆಯೆಂದು ಬರೆದುಕೊಂಡು, ಯಾವ ಮರ ಯಾವ ತಿಂಗಳು ಹಣ್ಣು ಬಿಡುತ್ತದೆಂಬುದನ್ನು ವರ್ಷವಿಡೀ ಲೆಕ್ಕವಿಟ್ಟಾಗಲೇ, ಮನುಷ್ಯರ ಕೊಯ್ಲು ಅದರ ಊಟಕ್ಕೆ ಎಲ್ಲಿ ಅಡ್ಡ ಬರುತ್ತದೆಂಬುದು ತಿಳಿಯುತ್ತದೆ. ಉಪ್ಪಾಗೆಯ ಮಹತ್ವ ಗೊತ್ತಾದದ್ದು ಇಂಥ ತಾಳ್ಮೆಯ ಕೆಲಸದಿಂದಲೇ.

ಇಂಥ ಅಧ್ಯಯನವನ್ನು ಒಂದೆರಡು ವರ್ಷದ ಯೋಜನೆಯೆಂದು ಮುಗಿಸುವುದು ತಪ್ಪೆಂದು ನಾನು ಗಟ್ಟಿಯಾಗಿ ನಂಬುತ್ತೇನೆ. ಒಂದು ವರ್ಷ ಜಗ್ಗಿ ಹಣ್ಣು ಬಿಟ್ಟ ಮರ ಮರುವರ್ಷ ಬರಿದಾಗಿರಬಹುದು; ಸಿಂಗಳೀಕದ ಹೆಣ್ಣು ಹೆರುವುದೋ ಎರಡು ಮೂರು ವರ್ಷಕ್ಕೊಮ್ಮೆ. ಲೆಕ್ಕವಿಡುವ ಕೆಲಸಕ್ಕೆ ಕೊಯ್ಯುವವರನ್ನೇ ಸಂಬಳ ಕೊಟ್ಟು ಸೇರಿಸಿಕೊಳ್ಳಬೇಕು, ಏಕೆಂದರೆ ಯಾವ ಮರದ ಕಾಯಿ ಎಂದು ಬಲಿಯುತ್ತದೆಂಬುದು ಅವರಿಗೆ ಬಾಯಿಪಾಠ. ಗ್ರಾಮ ಅರಣ್ಯ ಸಮಿತಿಗಳು ಕೊಯ್ಲು ಶುರುಮಾಡುವ ದಿನವನ್ನು ಎಲ್ಲರನ್ನೂ ಕೂರಿಸಿ ನಿಗದಿ ಮಾಡಲಿ, ಪ್ರತಿ ಮರದಲ್ಲೂ ಒಂದಿಷ್ಟು ಹಣ್ಣು ಉಳಿಸುವ ಕಟ್ಟುಪಾಡು ಮಾಡಲಿ, ಸೌದೆ ಉಳಿಸುವ ಒಲೆಗಳು ಬರುವ ಮಳೆಗಾಲದೊಳಗೆ ಮನೆಮನೆಗೆ ತಲುಪಲಿ.