‘ಹೇಳಿದ ಮೇಲೆ’ ಅನ್ನುವ ಎರಡು ಪದ

ಮಗನಿಗೆ ಸ್ಕಿಜೋಫ್ರೀನಿಯಾ ಅನ್ನುವ ಮಾನಸಿಕ ಕಾಯಿಲೆ. ಅಂಗವೈಕಲ್ಯ ಪ್ರಮಾಣಪತ್ರ ಕೊಡುವ ಡಾಕ್ಟರು ತಾಯಿಯನ್ನು ಕೇಳುತ್ತಾರೆ: ‘ದಿನಾ ಸ್ನಾನ ಮಾಡ್ತಾನಾ?’ ತಾಯಿ ‘ಹೂಂ, ಮಾಡ್ತಾನೆ ಸಾರ್’ ಅನ್ನುತ್ತಾರೆ. ಸುಳ್ಳಲ್ಲ. ಆದರೆ ಏಳು ಗಂಟೆಯಿಂದ ಹನ್ನೊಂದರ ತನಕ ಐದು ಸಲ ಹೇಳಿ, ನೀರು ತೋಡಿಟ್ಟು, ಟವೆಲ್ ಕೈಗೆ ಕೊಟ್ಟ ಮೇಲೆ ಮಾಡುತ್ತಾನೆ. ‘ಹೇಳಿದ ಮೇಲೆ’ ಅನ್ನುವ ಎರಡು ಪದ ತಾಯಿಯ ಬಾಯಿಂದ ಹೊರಗೆ ಬರುವುದೇ ಇಲ್ಲ. ಸ್ಕಿಜೋಫ್ರೀನಿಯಾದ ವೈಕಲ್ಯ ಬಹುಪಾಲು ಕೂತಿರುವುದು ಅಲ್ಲೇ. ಕಿವಿಗೆ ಬೀಳುವ ದನಿಗಳು, ಸಂಶಯಗಳು ಎಷ್ಟೋ ಜನರಲ್ಲಿ ಮಾತ್ರೆಗೆ ಬಗ್ಗುತ್ತವೆ. ಏಳಬೇಕು, ಶುರುಮಾಡಬೇಕು ಅಂತ ಅನ್ನಿಸದೇ ಇರುವ ಜಡತೆ ಅಷ್ಟು ಬೇಗ ಬಗ್ಗುವುದಿಲ್ಲ. ಅದಕ್ಕೆ ಸೋಮಾರಿತನ ಅಂತ ಹೆಸರಿಡುವವರು ನಮ್ಮಲ್ಲೂ ಇದ್ದಾರೆ, ನಾನಿರುವ ಇಂಗ್ಲೆಂಡಿನಲ್ಲೂ ಇದ್ದಾರೆ.

ಭಾರತದಲ್ಲಿ ಮಾನಸಿಕ ಕಾಯಿಲೆಯ ವೈಕಲ್ಯವನ್ನು ಅಳೆಯುವ ಕೋಲಿನ ಹೆಸರು ‘ಐಡಿಯಾಸ್’. ತನ್ನ ಆರೈಕೆ, ಜನರೊಡನೆ ಒಡನಾಟ, ಮಾತು ಮತ್ತು ಗ್ರಹಿಕೆ, ಕೆಲಸ, ಈ ನಾಲ್ಕಕ್ಕೂ 0ಯಿಂದ 4ರ ತನಕ ಅಂಕ. ಕಾಯಿಲೆ ಎಷ್ಟು ವರ್ಷ ಹಳೆಯದು ಅನ್ನುವುದಕ್ಕೆ ಮತ್ತೆ 1ರಿಂದ 4. ಒಟ್ಟು 20. ಏಳು ಬಂದರೆ ಶೇ 40 ಅಂತ ಲೆಕ್ಕ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಬಹುತೇಕ ಸವಲತ್ತುಗಳ ಬಾಗಿಲು ತೆರೆಯುವುದು ಅಲ್ಲಿ. ಈ ಲೆಕ್ಕದಲ್ಲೊಂದು ತಮಾಷೆಯಿದೆ. ಕಾಯಿಲೆಗೆ 10 ವರ್ಷ ದಾಟಿದ್ದರೆ 4 ಅಂಕ ತಾನಾಗಿ ಬರುತ್ತದೆ, ಇನ್ನು ಮೂರು ಸಾಕು. ಮೂರು ವರ್ಷದ ಹಿಂದೆ ಕಾಯಿಲೆ ಬಿದ್ದು ಕಾಲೇಜು ಬಿಟ್ಟ ಹುಡುಗಿಗೆ ವರ್ಷದ ಬಾಬ್ತು ಸಿಗುವುದು 2. ಉಳಿದ ಐದನ್ನು ಅವಳು ‘ಸಂಪಾದಿಸಬೇಕು’. ಕೈಹಿಡಿದರೆ ಹೆಚ್ಚು ಫಲ ಸಿಗುವುದು ಮೊದಲ ವರ್ಷಗಳಲ್ಲೇ. ಅಳತೆಗೋಲು ಮಾತ್ರ ಹಳೆಯ ಕಾಯಿಲೆಗೇ ಮಣೆ ಹಾಕುತ್ತದೆ. ಇನ್ನು ಕೇಂದ್ರ ಸರ್ಕಾರದ ಇಂದಿರಾ ಗಾಂಧಿ ಅಂಗವಿಕಲರ ಪಿಂಚಣಿಗೆ ಶೇ 80 ಬೇಕು, ಬಡತನ ರೇಖೆಯ ಕೆಳಗಿರಬೇಕು. 13 ಅಂಕ ಬಂದವನೂ ಆ ಗೆರೆ ಮುಟ್ಟುವುದಿಲ್ಲ. ಮುಟ್ಟಿದವನಿಗೆ ಕೇಂದ್ರದ ಪಾಲು ತಿಂಗಳಿಗೆ 300 ರೂಪಾಯಿ.

ಇಂಗ್ಲೆಂಡಿನಲ್ಲಿ 2013ರಿಂದ ಇರುವುದು ‘ಪಿಪ್’ (ಪರ್ಸನಲ್ ಇಂಡಿಪೆಂಡೆನ್ಸ್ ಪೇಮೆಂಟ್) ಅನ್ನುವ ಅಂಗವಿಕಲರ ಭತ್ಯೆ. ರೋಗದ ಹೆಸರಿಗಾಗಲಿ ವರ್ಷಕ್ಕಾಗಲಿ ಇದರಲ್ಲಿ ಅಂಕವಿಲ್ಲ. ಆದಾಯ ಕೇಳುವುದಿಲ್ಲ, ಕೆಲಸದಲ್ಲಿದ್ದರೂ ಸಿಗುತ್ತದೆ. ದಿನನಿತ್ಯದ 10 ಕೆಲಸ, ಓಡಾಟದ 2, ಇವನ್ನು ಹೇಗೆ ಮಾಡುತ್ತಾನೆ ಅನ್ನುವುದಕ್ಕೆ ಅಂಕ. ಒಬ್ಬರು ಬೆನ್ನುಬಿದ್ದು ಹೇಳಿದರೆ ಮಾತ್ರ ಮಾಡುತ್ತಾನೆ ಅನ್ನುವುದಕ್ಕೇ ಇಲ್ಲಿ ಬೇರೆ ಅಂಕವಿದೆ. ಹೇಳಿದ ಮೇಲೆ ಅಡುಗೆ, 2. ಹೇಳಿದ ಮೇಲೆ ಸ್ನಾನ, 2. ಹೇಳಿದ ಮೇಲೆ ಬಟ್ಟೆ ಬದಲಾವಣೆ, 2. ಒತ್ತಾಯಿಸಿದ ಮೇಲೆ ಜನರೊಡನೆ ಮಾತು, 2. ಎಂಟಾಯಿತು, ದಿನನಿತ್ಯದ ಭಾಗದ ಸಾಮಾನ್ಯ ದರಕ್ಕೆ ಬೇಕಾದದ್ದು ಅಷ್ಟೇ. ತಾಯಿ ನುಂಗಿಕೊಂಡ ಆ ಎರಡು ಪದಕ್ಕೆ ಇಲ್ಲಿ ಬೆಲೆ ಕಟ್ಟಿದ್ದಾರೆ. ಅರ್ಧಕ್ಕಿಂತ ಹೆಚ್ಚು ದಿನ ಹಾಗಿದೆಯೇ, ಅಪಾಯವಿಲ್ಲದೆ ಮಾಡುತ್ತಾನೆಯೇ, ಮಾಡಿದ್ದು ನೆಟ್ಟಗಿದೆಯೇ, ಬೇಕಾದಾಗಲೆಲ್ಲ ಮತ್ತೆ ಮಾಡಬಲ್ಲನೇ, ಬೇರೆಯವರ ಎರಡು ಪಟ್ಟಿಗಿಂತ ಹೆಚ್ಚು ಹೊತ್ತು ಹಿಡಿಯುತ್ತದೆಯೇ ಅಂತ ನೋಡಬೇಕೆಂಬುದು ನಿಯಮ.

ಹಾಗಂತ ಇಂಗ್ಲೆಂಡೇ ಸ್ವರ್ಗ ಅಂದುಕೊಳ್ಳಬೇಡಿ. ದಪ್ಪ ಫಾರಂ ಅಂಚೆಯಲ್ಲಿ ಬರುತ್ತದೆ, ತುಂಬಿ ಕಳಿಸಲು ಒಂದು ತಿಂಗಳು. ಲಕೋಟೆ ತೆರೆಯಲಾಗದ ಕಾಯಿಲೆಯವನಿಗೆ ಲಕೋಟೆಯಲ್ಲೇ ಪರೀಕ್ಷೆ! ಅದಕ್ಕೇ ಮೊದಲ ಫೋನಿನಲ್ಲೇ ‘ಮಾನಸಿಕ ಕಾಯಿಲೆಯಿದೆ, ಹೆಚ್ಚುವರಿ ನೆರವು ಬೇಕು’ ಅಂತ ದಾಖಲು ಮಾಡಿಸಬೇಕು. ಸಂದರ್ಶನದ ದಿನ ಇಸ್ತ್ರಿ ಅಂಗಿ ಹಾಕಿಸಿ ಕಳಿಸುವ ಮನೆಯವರೂ ಉಂಟು. ಬರೆದುಕೊಳ್ಳುವವರು ‘ಅಚ್ಚುಕಟ್ಟಾಗಿದ್ದಾರೆ, ಕಣ್ಣಲ್ಲಿ ಕಣ್ಣಿಟ್ಟು ಮಾತಾಡಿದರು’ ಅಂತ ಬರೆಯುತ್ತಾರೆ, ಅಂಕ ಸೊನ್ನೆಯಾಗುತ್ತದೆ. ತಿಂಗಳೊಳಗೆ ಮರುಪರಿಶೀಲನೆ ಕೇಳಬೇಕು, ಆಮೇಲೆ ನ್ಯಾಯಮಂಡಳಿ.

ಎರಡೂ ಕಡೆ ಒಂದೇ ಔಷಧ: ಒಂದು ನೋಟ್‌ಬುಕ್. ಎರಡು ವಾರ, ಯಾವ ಕೆಲಸಕ್ಕೆ ಎಷ್ಟು ಸಲ ಹೇಳಬೇಕಾಯಿತು, ಹೇಳದೆ ಬಿಟ್ಟ ದಿನ ಏನಾಯಿತು, ಅಷ್ಟೇ ಬರೆಯಿರಿ. ‘ತುಂಬಾ ಕಷ್ಟ’ ಅಂದರೆ ಯಾರೂ ಅಂಕ ಕೊಡುವುದಿಲ್ಲ. ‘ಮಂಗಳವಾರ ಹೇಳಲಿಲ್ಲ, ಸಂಜೆಯ ತನಕ ಊಟ ಮಾಡಲಿಲ್ಲ’ ಅಂದರೆ ಕೊಡುತ್ತಾರೆ.

ಮಾತ್ರೆ ತಿಂದು ಚೆನ್ನಾಗಿರುವವನ ವಿಷಯದಲ್ಲಿ ಇಂಗ್ಲೆಂಡಿನ 2010ರ ಸಮಾನತೆ ಕಾಯ್ದೆ ನನಗೆ ಹಿಡಿಸುತ್ತದೆ. ಔಷಧವನ್ನು ಲೆಕ್ಕದಿಂದ ತೆಗೆದು, ಅದಿಲ್ಲದಿದ್ದರೆ ಹೇಗಿರುತ್ತಿದ್ದ ಅಂತ ನೋಡಬೇಕು ಅನ್ನುತ್ತದೆ ಅದು. ಹಾಗಾಗಿ ಚೆನ್ನಾಗಿ ಕೆಲಸ ಮಾಡುತ್ತಿರುವವನೂ ಪಾಳಿಯ ಹೊತ್ತು ಬದಲಿಸಿ ಅಂತ ಹಕ್ಕಿನಿಂದ ಕೇಳಬಹುದು. ಐಡಿಯಾಸ್ ನೋಡುವುದು ಔಷಧದ ಮೇಲಿರುವ ಮನುಷ್ಯನನ್ನು. ಚೇತರಿಸಿಕೊಂಡಷ್ಟೂ ಪ್ರಮಾಣಪತ್ರ ಕೈಜಾರುತ್ತದೆ.

ಇಂಥವರು ಎಲ್ಲಿ ವಾಸ ಮಾಡಬೇಕು ಅನ್ನುವ ಮಾತಿಗೆ ಬಂದರೆ, ಕಾನೂನಿನಲ್ಲಿ ನಾವು ಹಿಂದಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 19ನೇ ಸೆಕ್ಷನ್ ಸಮಾಜದೊಳಗೆ ಬಾಳುವುದನ್ನು ಹಕ್ಕು ಅಂದಿದೆ. ಮನೆಯವರು ಸೇರಿಸಿಕೊಳ್ಳಲಿಲ್ಲ ಅನ್ನುವ ಕಾರಣಕ್ಕೆ ಯಾರನ್ನೂ ಆಸ್ಪತ್ರೆಯಲ್ಲೇ ಇಟ್ಟುಕೊಳ್ಳುವಂತಿಲ್ಲ. ಇಲ್ಲದಿರುವುದು ನಡುವಿನ ಮೆಟ್ಟಿಲು. ಚೆನ್ನೈನ ‘ದಿ ಬ್ಯಾನಿಯನ್’ ಸಂಸ್ಥೆ ‘ಹೋಮ್ ಅಗೇನ್’ ಅಂತ ಮಾಡಿ ತೋರಿಸಿದೆ: ಸಾಮಾನ್ಯ ಬೀದಿಯಲ್ಲಿ ಬಾಡಿಗೆ ಮನೆ, ನಾಲ್ಕೈದು ಜನ, ಜೊತೆಗೆ ನೆರವಿನವರು. ಅಂಥದ್ದು ಬೇಕಾದಷ್ಟಿಲ್ಲ. ತಾಯಿಯ ಮನೆ, ಇಲ್ಲವೇ ಹಾಸ್ಟೆಲಿನಂಥ ಜಾಗ. ಇಂಗ್ಲೆಂಡಿನ ನೆರವಿನ ವಾಸದಲ್ಲಿ ಒಳ್ಳೆಯ ಪದ್ಧತಿಯೊಂದಿದೆ: ಬಾಡಿಗೆ ಕರಾರು ಆ ವ್ಯಕ್ತಿಯ ಹೆಸರಿನಲ್ಲಿ, ನೆರವಿನ ಒಪ್ಪಂದ ಬೇರೆ. ನೆರವಿನವರು ಬದಲಾದರೂ ಮನೆ ಹೋಗುವುದಿಲ್ಲ.

ಮನೆಯವರಿಂದ ಬೇರೆಯಾಗಿ ವಾಸವೆಂದರೆ ಒಂದು ದಿನ ಗಂಟುಮೂಟೆ ಕಟ್ಟಿ ಕಳಿಸುವುದಲ್ಲ. ತಾಯಿ ‘ಹೇಳುವುದನ್ನು’ ಒಂದೊಂದಾಗಿ ಬೇರೆ ಕಡೆಗೆ ದಾಟಿಸುವುದು. ಮೊದಲು ಮಾತ್ರೆ: ವಾರದ ಏಳು ಖಾನೆಯ ಡಬ್ಬಿ, ಫೋನಿನ ಅಲಾರಂ, ಇಲ್ಲವೇ ತಿಂಗಳಿಗೊಮ್ಮೆಯ ಇಂಜೆಕ್ಷನ್. ಬುಧವಾರದ ಖಾನೆ ತುಂಬಿಯೇ ಇದ್ದರೆ ಬೈಯಬೇಡಿ, ನಿದ್ದೆ ಹೇಗಿದೆ ಕೇಳಿ. ಮರುಕಳಿಸುವ ಕಾಯಿಲೆ ಎಷ್ಟೋ ಸಲ ನಿದ್ದೆಯಲ್ಲೇ ಮೊದಲು ಕಾಣಿಸಿಕೊಳ್ಳುತ್ತದೆ. ಸ್ಕಿಜೋಫ್ರೀನಿಯಾಕ್ಕೆ ಕೊಡುವ ಕ್ಲೋಜಪಿನ್ ಅನ್ನುವ ಔಷಧ ತೆಗೆದುಕೊಳ್ಳುವವರು ಸಿಗರೇಟು ಬಿಡುವ ಮುಂಚೆ ಡಾಕ್ಟರಿಗೆ ಹೇಳಲೇಬೇಕು. ಹೊಗೆ ನಿಂತರೆ ರಕ್ತದಲ್ಲಿ ಔಷಧದ ಮಟ್ಟ ಏರಿ ತೂಕಡಿಕೆ, ಫಿಟ್ಸ್ ತನಕ ಹೋಗಬಹುದು. ಧೂಮಪಾನ ನಿಷೇಧವಿರುವ ಮನೆಗೆ ಹೋದವರು ‘ಹೊಸ ಜಾಗ ಒಗ್ಗಲಿಲ್ಲ’ ಅಂತ ವಾಪಸು ಬಂದರೆ ಇದನ್ನೂ ಪರೀಕ್ಷಿಸಿ.

ಆಮೇಲೆ ಅಡುಗೆ, ಬಟ್ಟೆ, ಓಡಾಟ. ಮನೆಯವರು ಕೊನೆಗೆ ಬಿಡುವುದು ದುಡ್ಡು. 2016ರ ಕಾಯ್ದೆಯ 13ನೇ ಸೆಕ್ಷನ್ ಪ್ರಕಾರ ತನ್ನ ಹಣದ ವ್ಯವಹಾರ ತಾನೇ ನೋಡಿಕೊಳ್ಳುವುದು ಕಾಯಿಲೆಯವರ ಹಕ್ಕು. 14ನೇ ಸೆಕ್ಷನ್ನಿನ ಪಾಲಕತ್ವವೂ ಸೀಮಿತ, ಇಂಥ ನಿರ್ಧಾರಕ್ಕೆ, ಇಷ್ಟು ಕಾಲಕ್ಕೆ ಅಂತ. ಅವರ ಹೆಸರಲ್ಲೇ ಎರಡು ಖಾತೆ ಮಾಡಿಸಿ: ಬಾಡಿಗೆ, ಕರೆಂಟು ತಾನಾಗಿ ಕಡಿತವಾಗಲು ಒಂದು, ವಾರದ ಖರ್ಚಿಗೆ ಇನ್ನೊಂದು. ಎರಡನೆಯದು ಗುರುವಾರಕ್ಕೇ ಖಾಲಿಯಾದರೂ ಮನೆ ಉಳಿದಿರುತ್ತದೆ.